ಎಡವಟ್ಟು

ಇಂಜಿನಿಯರಿಂಗ್ ಸೇರಿದ ಮೊದಲ ವಾರವೇ ನನಗೊಂದು ಹೊಸ ಹೆಸರು ಬಿತ್ತು: ಎಡವಟ್ಟು. ಇಟ್ಟವಳು ಹಾಸ್ಟೆಲಿನಲ್ಲಿ ನನ್ನ ಜೊತೆ ರೂಮಿನಲ್ಲಿದ್ದವಳು. ನಾನು ಎಡಗೈಯಲ್ಲಿ ಬರೆಯುತ್ತೇನೆ, ಅಷ್ಟೇ ನನ್ನ ಅಪರಾಧ. ಶಾಲೆಯಲ್ಲಿ ಯಾರೂ ತಲೆ ಕೆಡಿಸಿಕೊಳ್ಳದಿದ್ದ ನನ್ನ ಕೈ ಕಾಲೇಜಿಗೆ ಬಂದದ್ದೇ ತಡ ದೊಡ್ಡ ಸುದ್ದಿಯಾಗಿಬಿಟ್ಟಿತು.

ಕಾರಣ ಡ್ರಾಯಿಂಗ್. ಯಾವ ವಿಭಾಗಕ್ಕೇ ಸೇರಿರಲಿ, ಮೊದಲ ವರ್ಷ ಯಂತ್ರಭಾಗಗಳ ನಕ್ಷೆ ಬರೆಯುವುದನ್ನು ಕಲಿಯಲೇಬೇಕು. ನಮ್ಮ ಕಾಲೇಜಿನಲ್ಲಂತೂ ಅದರಲ್ಲಿ ಪಾಸಾಗದವರನ್ನು ಎರಡನೇ ವರ್ಷಕ್ಕೆ ಬಿಡುವುದೇ ಇಲ್ಲ. ಅದಕ್ಕೊಂದು ಮರದ ಬೋರ್ಡು, ಬೋರ್ಡಿಗೆ ಸಿಕ್ಕಿಸಲು ಡ್ರಾಫ್ಟರ್ ಎಂಬ ಉಪಕರಣ: ಮಡಚುವ ಉದ್ದನೆಯ ಲೋಹದ ತೋಳು, ತುದಿಯಲ್ಲಿ ಗೋಡೆಮೂಲೆಯ ಹಾಗೆ ಸೇರಿಕೊಂಡ ಎರಡು ಸ್ಕೇಲು. ಅದನ್ನು ಬೋರ್ಡಿನ ಎಡಗಡೆಯ ಮೇಲ್ಮೂಲೆಗೆ ಬಿಗಿಯಬೇಕು. ಬಲಗೈಯವರಿಗೆ ಹೇಳಿ ಮಾಡಿಸಿದ ಹಾಗಿದೆ. ನಾನು ಪೆನ್ಸಿಲ್ ಹಿಡಿದರೆ ತೋಳು ಮೊಣಕೈಗೆ ಬಡಿಯುತ್ತದೆ, ಸ್ಕೇಲು ಜಾರುತ್ತದೆ, ಆಗಷ್ಟೇ ಎಳೆದ ಗೆರೆಯ ಮೇಲೆ ಅಂಗೈ ಉಜ್ಜುತ್ತದೆ. ತರಗತಿ ಮುಗಿಯುವಷ್ಟರಲ್ಲಿ ನನ್ನ ಹಾಳೆ ಒಲೆ ಒರೆಸಿದ ಬಟ್ಟೆಯಂತಾಗಿರುತ್ತಿತ್ತು.

ಡ್ರಾಯಿಂಗ್ ಮೇಷ್ಟ್ರು ಕಿವಿಯ ಸಂದಿಯಲ್ಲಿ ಕೆಂಪು ಪೆನ್ಸಿಲ್ ಸಿಕ್ಕಿಸಿಕೊಂಡೇ ಓಡಾಡುವವರು. ನನ್ನ ಹಾಳೆಯನ್ನು ಸತ್ತ ಇಲಿಯ ಬಾಲ ಹಿಡಿದ ಹಾಗೆ ಎರಡೇ ಬೆರಳಲ್ಲಿ ಎತ್ತಿದರು.

“ಏನಮ್ಮಾ ಇದು, ಹಾಳೆ ಮೇಲೆ ಮಲ್ಕೊಂಡಿದ್ಯಾ?”

“ಎಡಗೈ ಸಾರ್. ಗೆರೆಗೆ ಉಜ್ಜುತ್ತೆ.”

“ಎಡಗೈ ಗಿಡಗೈ ಎಲ್ಲಾ ಇಲ್ಲಿ ನಡಿಯಲ್ಲ. ಬಲಗೈ ಅಭ್ಯಾಸ ಮಾಡ್ಕೋ. ತಗೋ, ಇನ್ನೊಂದ್ಸಲ ಬರಿ.”

ಇದೇ ಮಹಾನುಭಾವರು ನಮಗೆ ಕಲಿಸಿದ ಪಾಠ ಕೇಳಿ: ವಸ್ತುವನ್ನು ಎಡದಿಂದ ನೋಡಿದರೆ ಹೇಗೆ ಕಾಣುತ್ತದೋ ಅದನ್ನು ಹಾಳೆಯ ಬಲಕ್ಕೆ ಬರೆಯಬೇಕು, ಮೇಲಿಂದ ನೋಡಿದ್ದನ್ನು ಕೆಳಕ್ಕೆ ಬರೆಯಬೇಕು. ಯಾಕೆ ಎಂದು ಕೇಳಿದರೆ, ಪದ್ಧತಿ. ಎಡದ್ದನ್ನು ಬಲಕ್ಕೆ ಎಳೆಯುವುದೇ ಇವರ ಕಸುಬು ಎಂದು ನನಗೆ ಆಗಲೇ ಹೊಳೆಯಬೇಕಿತ್ತು.

ಅಮ್ಮನಿಗೆ ಫೋನ್ ಮಾಡಿ ಗೋಳು ತೋಡಿಕೊಂಡೆ. ಅಮ್ಮ ಮನೆಯಲ್ಲೇ ಬಟ್ಟೆ ಹೊಲಿಯುತ್ತಾಳೆ. ಅವಳೂ ಹುಟ್ಟಾ ಎಡಗೈಯವಳೇ. ಹೊಲಿಗೆ ಕಲಿಸಿದ ಅವಳ ಸೋದರತ್ತೆ, ಕತ್ತರಿ ಇರುವುದೇ ಬಲಗೈಗೆ ಎಂದು ಗದರಿಸಿದ್ದಕ್ಕೆ ಚಿಕ್ಕವಳಿದ್ದಾಗಲೇ ಕೈ ಬದಲಿಸಿಕೊಂಡವಳು.

“ಹಠ ಮಾಡ್ಬೇಡ ಪುಟ್ಟಿ, ಮೇಷ್ಟ್ರು ಹೇಳಿದ ಹಾಗೆ ಕೇಳು,” ಎಂದಳು. “ನಾನು ಬದಲಾಯಿಸ್ಕೊಳ್ಲಿಲ್ವಾ? ನಂಗೇನು ಕಮ್ಮಿಯಾಗಿದೆ?”

ಏನೂ ಕಮ್ಮಿಯಾಗಿಲ್ಲ. ಆದರೆ ಸಿಟ್ಟು ಬಂದಾಗ ಅಮ್ಮ ಕೈಗೆ ಸಿಕ್ಕಿದ್ದನ್ನು ಎಸೆಯುವುದು ಇವತ್ತಿಗೂ ಎಡಗೈಯಲ್ಲೇ, ಗುರಿಯೂ ತಪ್ಪುವುದಿಲ್ಲ. ಅದನ್ನು ಬಾಯಿಬಿಟ್ಟು ಹೇಳುವ ಧೈರ್ಯ ನನಗಾಗಲಿಲ್ಲ.

ಸರಿ, ಕೋಣನಂತೆ ಬೆಳೆದವಳು ಬಲಗೈಯಲ್ಲಿ ಅ ಆ ಇ ಈ ತಿದ್ದುತ್ತಾ ಕುಳಿತೆ. ಯಂತ್ರಗಳ ಒಳಗುಟ್ಟು ತಿಳಿಯಬೇಕೆಂದು ಆಸೆಪಟ್ಟು ಬಂದವಳು ನಾನು. ಯಂತ್ರ ಹಾಳಾಗಿ ಹೋಗಲಿ, ನೆಟ್ಟಗೆ ಒಂದು ಗೆರೆ ಎಳೆಯುವುದೇ ನನ್ನ ವಿದ್ಯಾಭ್ಯಾಸವಾಯಿತು. ಗಣಿತದ ಪುಸ್ತಕ ತೆಗೆದರೆ ಬಲಗೈ ಬೆರಳು ನೋಯುತ್ತಿತ್ತು, ಬೆರಳು ನೋಡಿದರೆ ಮೈಯೆಲ್ಲ ಉರಿಯುತ್ತಿತ್ತು. ಗೆರೆಗಳೇನೋ ಶುಭ್ರವಾದವು, ಆದರೆ ಒಂದೊಂದೂ ಬಸವನಹುಳುವಿನ ವೇಗದಲ್ಲಿ ಬರುತ್ತಿತ್ತು. ಪರೀಕ್ಷೆಯಲ್ಲಿ ಕೊನೆಯ ಎರಡು ಚಿತ್ರ ಮುಟ್ಟುವ ಮೊದಲೇ ಗಂಟೆ ಹೊಡೆಯಿತು. ಫೇಲು.

ಇನ್ನು ಉಳಿದದ್ದು ರಜೆಯಲ್ಲಿ ನಡೆಯುವ ಮರುಪರೀಕ್ಷೆ ಒಂದೇ. ಅದೂ ಕೈಕೊಟ್ಟರೆ ವರ್ಷ ಮಣ್ಣುಪಾಲು. ಎಲ್ಲರೂ ಊರಿಗೆ ಹೊರಟಿದ್ದರು. ರೂಮಿನವಳು ಚೀಲ ತುಂಬುತ್ತಾ, ಬೋರ್ಡಿನ ಮುಂದೆ ಹಲ್ಲು ಕಚ್ಚಿಕೊಂಡು ಕೂತ ನನ್ನನ್ನು ನೋಡಿದಳು.

“ಅಲ್ವೇ ಎಡವಟ್ಟು, ಅದನ್ನ ಈ ಕಡೆ ಮೂಲೆಗೆ ಹಾಕಿದ್ರೆ ಆಕಾಶ ಕಳಚಿ ಬೀಳುತ್ತಾ?”

“ಮೇಷ್ಟ್ರು ಬೈತಾರೆ.”

“ಈಗೇನು ಮುದ್ದು ಮಾಡ್ತಿದ್ದಾರಾ?”

ತಿರುಪು ಬಿಚ್ಚಿ ಡ್ರಾಫ್ಟರನ್ನು ಬಲಮೂಲೆಗೆ ಬಿಗಿದೆ. ಸ್ಕೇಲಿನ ಅಂಕಿಗಳು ಅಡ್ಡ ಬಿದ್ದವು, ಕತ್ತು ಓರೆ ಮಾಡಿ ಓದಬೇಕಾಯಿತು. ಆದರೆ ತೋಳು ಮೊಣಕೈಯಿಂದ ದೂರ ಸರಿಯಿತು. ಎಡಗೈಯಲ್ಲಿ ಪೆನ್ಸಿಲ್ ಹಿಡಿದು, ಕೈಯಡಿಗೆ ಒಂದು ಕರ್ಚೀಫು ಹಾಕಿಕೊಂಡು ಎಳೆದೆ. ಗೆರೆ ಸರ್ರನೆ ಬಂತು. ನನಗೆ ಅಳು ಬಂತು. ಸಂತೋಷಕ್ಕಲ್ಲ, ಕೋಪಕ್ಕೆ. ಒಂದು ತಿರುಪು! ಒಂದು ತಿರುಪಿನ ಕೆಲಸಕ್ಕೆ ನನ್ನ ಒಂದು ವರ್ಷ ತಿಂದಿದ್ದರು.

ಮರುಪರೀಕ್ಷೆಯ ದಿನ ಕಾವಲಿಗಿದ್ದವರು ಬೇರೆ ವಿಭಾಗದವರು. ಡ್ರಾಫ್ಟರ್ ಎಡಕ್ಕಿದೆಯೋ ಬಲಕ್ಕಿದೆಯೋ ಅವರಿಗೆ ಬೇಕಾಗಿರಲಿಲ್ಲ. ಎಲ್ಲ ಚಿತ್ರ ಮುಗಿಸಿ ಎದ್ದೆ. ಪಾಸಾದೆ.

ಮೇಷ್ಟ್ರು ಕೋಣೆಗೆ ಕರೆಸಿ ನನ್ನ ಹಾಳೆ ಹರಡಿದರು. “ನೋಡಿದ್ಯಾ? ಒಂದು ಕಲೆ ಇಲ್ಲ. ಅಂತೂ ಬಲಗೈ ಪಳಗಿತು.”

“ಎಡಗೈಲೇ ಬರ್ದಿದ್ದು ಸಾರ್. ಡ್ರಾಫ್ಟರ್ ಬಲಗಡೆ ಹಾಕ್ಕೊಂಡೆ.”

ಬೈಯಲಿ ಎಂದೇ ಕಾಯುತ್ತಿದ್ದೆ. ವರ್ಷವಿಡೀ ಕೂಡಿಟ್ಟ ಉತ್ತರಗಳೆಲ್ಲ ನಾಲಿಗೆಯ ತುದಿಯಲ್ಲಿದ್ದವು. ಅವರು ಹಾಳೆಯನ್ನು ಇನ್ನೊಮ್ಮೆ ನೋಡಿ ಹುಬ್ಬೇರಿಸಿದರು.

“ಹೌದಾ? ಮತ್ತೆ ಇಷ್ಟು ದಿನ ಬಲಗೈಲಿ ಯಾಕೆ ಒದ್ದಾಡಿದೆ?”

“ನೀವೇ ಹೇಳಿದ್ರಲ್ಲ ಸಾರ್!”

“ನಾನು ನೂರು ಹೇಳ್ತೀನಮ್ಮಾ. ಎಲ್ಲಾ ಕೇಳ್ಬೇಕಾ?”

ಕೂಡಿಟ್ಟ ಉತ್ತರಗಳನ್ನೆಲ್ಲ ಹೊತ್ತುಕೊಂಡೇ ಹೊರಗೆ ಬಂದು ಮೆಟ್ಟಿಲ ಮೇಲೆ ಕೂತು ಅಮ್ಮನಿಗೆ ಫೋನ್ ಮಾಡಿದೆ. ಪಾಸಾದದ್ದನ್ನು ಹೇಳಿದೆ, ತಿರುಪಿನ ಕಥೆ ಹೇಳಿದೆ, ಮೇಷ್ಟ್ರ ಮಾತನ್ನೂ ಅವರ ಧಾಟಿಯಲ್ಲೇ ಹೇಳಿ ತೋರಿಸಿದೆ. ನಗುತ್ತಾಳೆ ಅಂದುಕೊಂಡಿದ್ದೆ. ಆ ಕಡೆ ಹೊಲಿಗೆ ಮಿಷಿನ್ನಿನ ಸದ್ದು ನಿಂತುಹೋಯಿತು.

“ಹಾಗಾದ್ರೆ,” ಎಂದಳು ಅಮ್ಮ, “ಕತ್ತರಿ ಬಲಗೈಗೇ ಅಂತ ನಮ್ಮ ಸೋದರತ್ತೆನೂ ಸುಮ್ನೆ ಹೇಳಿದ್ರೇನೇ?”