ನನ್ನ ಟಾನ್ಸಿಲ್ ಮತ್ತು ಬಂಗುಡೆಯ ಮರ್ಯಾದೆ

ನಮ್ಮ ಮನೆಯಲ್ಲಿ ಯಾರಿಗೆ ಹೊಟ್ಟೆ ಉರಿದರೂ ಅಪರಾಧಿ ಬಂಗುಡೆ ಪುಳಿಮುಂಚಿಯೇ. ಹುಣಸೆಹುಳಿ, ಕೆಂಪು ಮೆಣಸು ಅರೆದು ಮಾಡುವ ಆ ಮೀನಿನ ಸಾರಿನಲ್ಲಿ ಅಕ್ಕನನ್ನು ಮೀರಿಸುವವರು ಶಕ್ತಿನಗರದಲ್ಲಿಲ್ಲ. ಅದನ್ನು ವರ್ಷಗಟ್ಟಲೆ ನನ್ನ ಬಟ್ಟಲಿಗೆ ಬಡಿಸದೇ ಇದ್ದವಳೂ ಅವಳೇ.

ಹೊಟ್ಟೆಯಲ್ಲಿ ಬ್ಯಾಕ್ಟೀರಿಯಾ ಇದೆಯೆಂದು ನನಗೆ ಎರಡು ಸಲ ಆಂಟಿಬಯೋಟಿಕ್ ಕೋರ್ಸ್ ಆಯಿತು. ಎರಡು ಸಲವೂ ಅದು ಹೋಗಿ ಮತ್ತೆ ಬಂತು. ಅಕ್ಕನ ಪ್ರಕಾರ ನಾನು ಕದ್ದು ಮೀನು ತಿನ್ನುತ್ತಿದ್ದೆ. ಸಿಸ್ಟರುಗಳ ಕಾನ್ವೆಂಟಿನಲ್ಲಿ ಕಲಿತು, ಅಲ್ಲೇ ಇಂಗ್ಲಿಷ್ ಕಲಿಸಿ ರಿಟೈರ್ ಆದವಳು ನಾನು. ಕದಿಯುವುದು ನನಗೆ ಬರುವುದಿಲ್ಲ. ಆದರೂ ನನ್ನ ಪಾಲಿಗೆ ಗಂಜಿ, ಉಪ್ಪು, ಜೀರಿಗೆ ಕಷಾಯ. ಎದುರಿಗೆ ಕೂತು ಅಕ್ಕ ಮುಳ್ಳು ಚೀಪುತ್ತಿದ್ದಳು.

ಗಂಟಲೂ ಸರಿಯಿರಲಿಲ್ಲ. ಟಾನ್ಸಿಲ್ ಊದಿಕೊಳ್ಳುತ್ತಿತ್ತು, ಬಾಯಲ್ಲಿ ಸದಾ ಕೆಟ್ಟ ರುಚಿ. ಹೊಟ್ಟೆಯ ಕಾಟದ ಬೇರು ಅಲ್ಲೇ ಇರಬೇಕೆಂದರೆ ಮನೆಯಲ್ಲಿ ನಗು.

“ಈ ಪ್ರಾಯದಲ್ಲಿ ಟಾನ್ಸಿಲಾ ಮಾರಾಯ್ತಿ? ಐಸ್‌ಕ್ರೀಮ್ ತಿನ್ಲಿಕ್ಕೆ ನೆವ ಬೇಕಾ ನಿಂಗೆ?” ಎಂದಳು ಅಕ್ಕ.

ಬಲ್ಮಠದ ಇಎನ್‌ಟಿ ಡಾಕ್ಟರ್ ನನ್ನ ಹಳೆಯ ಸ್ಟೂಡೆಂಟ್. ಗಂಟಲು ನೋಡಿ ಆಪರೇಷನ್ನಿಗೆ ಒಪ್ಪಿದಳು. ತೆಗೆದದ್ದನ್ನು ಲ್ಯಾಬಿಗೆ ಕಳಿಸಿ ಹೊಟ್ಟೆಯ ಬ್ಯಾಕ್ಟೀರಿಯಾ ಇದೆಯೇ ಎಂದು ನೋಡಿಸಲೇಬೇಕೆಂದು ನಾನು ಹಟ ಹಿಡಿದೆ. ಅವಳಿಗೆ ನಂಬಿಕೆಯಿರಲಿಲ್ಲ, ಆದರೆ ಟೀಚರಿಗೆ ಇಲ್ಲವೆನ್ನುವ ಧೈರ್ಯವೂ ಇರಲಿಲ್ಲ.

ಆಪರೇಷನ್ ಆಗಿ, ಮುಂದಿನ ಭೇಟಿಗೆ ಅಕ್ಕನೂ ಬಂದಿದ್ದಳು.

“ಮಿಸ್, ಯು ವರ್ ರೈಟ್,” ಎಂದಳು ಡಾಕ್ಟರ್. “ಅದೇ ಬ್ಯಾಕ್ಟೀರಿಯಾ ಟಾನ್ಸಿಲಲ್ಲೂ ಉಂಟು.”

ದೊಡ್ಡವರ ಟಾನ್ಸಿಲಿನಲ್ಲಿ ಅದು ಸಿಕ್ಕುವುದುಂಟಂತೆ. ಅಲ್ಲಿಂದಲೇ ಹೊಟ್ಟೆಗೆ ಇಳಿಯಿತೆಂದು ಖಂಡಿತವಾಗಿ ಹೇಳಲಾಗದು ಎಂದೂ ಇಂಗ್ಲಿಷಿನಲ್ಲಿ ಸೇರಿಸಿದಳು. ಅಷ್ಟನ್ನು ನಾನು ಅಕ್ಕನಿಗೆ ತುಳುವಿನಲ್ಲಿ ಹೇಳುವ ಗೋಜಿಗೆ ಹೋಗಲಿಲ್ಲ.

ಅಕ್ಕ ಸೆರಗು ಸರಿಮಾಡಿಕೊಂಡು ಕೇಳಿದಳು: “ಬಂಗುಡೆಯಿಂದ ಬಂದದ್ದಲ್ವಾ ಡಾಕ್ಟ್ರೆ?”

“ಅಲ್ಲಮ್ಮ. ಮೀನಿಂದ ಬರುವಂಥದ್ದಲ್ಲ ಇದು.”

ಓ, ವಾಟ್ ಎ ಮೊಮೆಂಟ್! ಶಾಲೆಯ ಪ್ರೈಜ್ ಡೇಯಲ್ಲೂ ನಾನು ಅಷ್ಟು ನೆಟ್ಟಗೆ ಕೂತಿರಲಿಲ್ಲ.

ಗಂಟಲಿನ ಗಾಯ ಮಾಗಿ, ಇನ್ನೊಂದು ಕೋರ್ಸ್ ಮುಗಿದ ಮೇಲೆ ಟೆಸ್ಟ್ ಕ್ಲಿಯರ್ ಬಂತು. ಆ ಭಾನುವಾರ ಅಕ್ಕ ನನ್ನನ್ನು ಕೇಳದೆಯೇ ಪುಳಿಮುಂಚಿ ಬಡಿಸಿದಳು. ಈಗೀಗ ಅವಳಿಗೆ ಉಪ್ಪಿನ ಅಂದಾಜು ತಪ್ಪುತ್ತದೆ, ತುಸು ಹೆಚ್ಚಾಗಿತ್ತು. ಗಂಜಿಯಲ್ಲೇ ಕಳೆದ ಅಷ್ಟೊಂದು ಭಾನುವಾರಗಳು ನೆನಪಾಗಿ ಕಣ್ಣು ತುಂಬಿತು. ಖಾರ ಎಂದುಕೊಂಡಳು ಅಕ್ಕ. ತನಗೆಂದು ಇಟ್ಟುಕೊಂಡಿದ್ದ ತಲೆಯ ತುಂಡನ್ನೂ ನನ್ನ ಬಟ್ಟಲಿಗೆ ಹಾಕಿದಳು.

ನಾನು ಬೇಡವೆನ್ನಲಿಲ್ಲ.