ಮೈದಾನದ ಕೊನೆಯಲ್ಲಿ ಕೆಂಪು ಟವೆಲ್

ಹೋದ ವಾರ ನಮ್ಮ ಶಾಲೆಯ ವಾರ್ಷಿಕೋತ್ಸವ. ಬೆಳಿಗ್ಗೆ ವೇದಿಕೆಯ ಪಕ್ಕ ಮೈಕ್‌ಸೆಟ್ಟಿನವನು ತುಂಡಾದ ವೈರಿಗೆ ಬೆಸುಗೆ ಹಾಕುತ್ತಾ ಕೂತಿದ್ದ. ಕಾದ ಸೀಸ, ಸುಟ್ಟ ರಾಳ... ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಕೈಯಲ್ಲಿದ್ದ ಬಹುಮಾನದ ಪಟ್ಟಿ ಮರೆತು ನಿಂತುಬಿಟ್ಟೆ. ನಾನು ಮಳವಳ್ಳಿಯ ಹೈಸ್ಕೂಲಿನಲ್ಲಿ ಟೀಚರು. ಮಕ್ಕಳು ಬೆನ್ನ ಹಿಂದೆ ನನ್ನನ್ನು ಸಿಡುಕಿ ಅನ್ನುತ್ತಾರೆ, ಸುಳ್ಳೇನಲ್ಲ. ಅಂಥವಳ ಕಣ್ಣು ಒದ್ದೆಯಾಗಿದ್ದು ಕಂಡವರು ಹೊಗೆ ಅಂದುಕೊಂಡಿರಬೇಕು.

ಮದ್ದೂರಿನಲ್ಲಿ ನಮ್ಮ ಎದುರು ಮನೆಯಲ್ಲಿದ್ದ ಮೈಕ್ ಸಾಬ್ರ ಅಂಗಿಯಿಂದ ಸದಾ ಬರುತ್ತಿದ್ದ ವಾಸನೆ ಅದು. ಊರಿಗೆಲ್ಲ ಅವರು ಮೈಕ್ ಸಾಬ್ರು, ನನಗೆ ಮಾಮ. ಮದುವೆ, ನಾಟಕ, ಚುನಾವಣೆ, ರೈತಸಂಘದ ಸಭೆ, ಯಾವುದೇ ಇರಲಿ, ಶಿವಪುರದಿಂದ ಬಂಡೂರಿನವರೆಗೂ ಅವರದೇ ಸೆಟ್ಟು. ಮನೆಯ ಮುಂದಿನ ಕೋಣೆಯೇ ಅಂಗಡಿ. ಒಂದು ಬೆಂಚು, ಬಿಚ್ಚಿ ಹಾಕಿದ ಆಂಪ್ಲಿಫೈಯರುಗಳು, ಮೂಲೆಯಲ್ಲಿ ಬೋರಲು ಹಾಕಿದ ಕಬ್ಬಿಣದ ಹಾರ್ನುಗಳು.

ಯಾರೋ ರಿಪೇರಿಗೆ ಕೊಟ್ಟು ಮರೆತುಹೋದ ಟೇಪ್‌ರೆಕಾರ್ಡರಿನೊಳಗೆ ಅವರಿಗೆ ಒಂದು ಕ್ಯಾಸೆಟ್ ಸಿಕ್ಕಿತ್ತು. ಪರದೇಶದ ರಾಕ್ ಬ್ಯಾಂಡಿನದು. ಪ್ರಪಂಚವೆಲ್ಲ ಕುಣಿಯುವಂಥ ಬ್ಯಾಂಡು ಅದು ಅಂತ ಸಾಬ್ರಿಗೇನು ಗೊತ್ತು? ಅದರಲ್ಲಿ ಡ್ರಮ್ಮು ಚೆನ್ನಾಗಿ ಬರುತ್ತದೆ, ಸ್ಪೀಕರಿನ ತಾಕತ್ತು ಗೊತ್ತಾಗುತ್ತದೆ ಎಂದು ಎಲ್ಲಿಗೆ ಹೋದರೂ ಮೊದಲು ಅದನ್ನೇ ಎರಡು ನಿಮಿಷ ಹಾಕುತ್ತಿದ್ದರು. ಆಮೇಲೆ ದೇವರನಾಮ. ಸುತ್ತಲ ಹಳ್ಳಿಗಳಲ್ಲಿ ಆ ಗಿಟಾರಿನ ಸದ್ದಿಗೆ ಸಾಬ್ರ ಟೆಸ್ಟಿಂಗ್ ಹಾಡು ಎಂದೇ ಹೆಸರಾಗಿತ್ತು. ಅದು ಕೇಳಿಸಿದರೆ ಇನ್ನು ಮುಹೂರ್ತಕ್ಕೆ ಹೊತ್ತಾಯಿತು ಎಂದು ಹೆಂಗಸರು ಸೀರೆ ಬದಲಿಸಲು ಏಳುತ್ತಿದ್ದರು. ನಾನು ಮಾತ್ರ ಆ ಎರಡು ನಿಮಿಷಕ್ಕೆ ಮರುಳಾಗಿ, ಕ್ಯಾಸೆಟ್ಟನ್ನು ಮನೆಗೆ ತಂದು ಪೂರ್ತಿ ಕೇಳಿ, ಅಪ್ಪನ ಕೈಲಿ ಬೈಸಿಕೊಳ್ಳುತ್ತಿದ್ದೆ.

ಅವರ ಕೆಲಸದಲ್ಲಿ ಒಂದು ಪದ್ಧತಿ ಇತ್ತು. ಮೈಕು ತೆರೆದ ಮೇಲೆ ಒಬ್ಬರು ಕೆಂಪು ಟವೆಲ್ ಹಿಡಿದು ಮೈದಾನದ ಕಟ್ಟಕಡೆಗೆ ಹೋಗಿ ನಿಲ್ಲಬೇಕು. ಮಾತು ಸ್ಪಷ್ಟವಾಗಿ ಕೇಳಿಸಿದರೆ ಟವೆಲ್ ಎತ್ತಬೇಕು. ಒಡಕು ಬಂದರೆ, ಮೈಕು ಕುಯ್ಯೆಂದು ಕಿರುಚಿದರೆ ಇಳಿಸಬೇಕು. ಟವೆಲ್ ಮೇಲೇಳದೆ ಸಾಬ್ರು ಮೈಕನ್ನು ಯಾರ ಕೈಗೂ ಕೊಡುತ್ತಿರಲಿಲ್ಲ, ಶಾಸಕರೇ ಕಾದು ನಿಂತಿದ್ದರೂ ಅಷ್ಟೆ. ನಾನು ಪಿಯುಸಿಗೆ ಬರುವ ಹೊತ್ತಿಗೆ, ಹತ್ತಿರದ ಮದುವೆಗಳಲ್ಲಿ ಆ ಟವೆಲ್ ನನ್ನ ಕೈಗೆ ಬಂದಿತ್ತು. ಊಟಕ್ಕೆ ಮುಂಚೆ ಹೋಗಲು ಅದೊಂದು ನೆಪ. ಮೊದಲ ಸಲ, ಪಾಪ ಮಾಮ ಬಿಸಿಲಲ್ಲಿ ಒದ್ದಾಡುತ್ತಿದ್ದಾರಲ್ಲ ಎಂದು, ಸರಿಯಾಗಿ ಕೇಳಿಸದಿದ್ದರೂ ಟವೆಲ್ ಎತ್ತಿಬಿಟ್ಟಿದ್ದೆ. ಆಮೇಲೆ ನನ್ನನ್ನು ಪಕ್ಕಕ್ಕೆ ಕರೆದರು.

"ಅಲ್ಲಿ ನಿಂತೋರು ಸುಳ್ ಯೋಳ್ಬಾರ್ದು ಕಣವ್ವ. ಇಲ್ಲಿಂದ ನಂಗೆ ಗೊತ್ತಾಗಕಿಲ್ಲ. ನಿನ್ನೇ ನಂಬ್ಕಂಡಿರದು."

ಆ ವರ್ಷವೇ ಕ್ಯಾಸೆಟ್ಟಿನ ಆ ಬ್ಯಾಂಡು ವಿಶ್ವಪ್ರವಾಸ ಹೊರಟ ಸುದ್ದಿ ಪೇಪರಿನಲ್ಲಿ ಬಂತು. ಲಂಡನ್, ಜಪಾನು, ಸಿಂಗಪುರ, ಕೊನೆಗೆ ಬೆಂಗಳೂರು! ನಾನು ಪೇಪರ್ ಹಿಡಿದು ಎದುರು ಮನೆಗೆ ಓಡಿದೆ. ಸಾಬ್ರು ಹಾಡುವವರ ಮುಖವನ್ನು ನೋಡಲೇ ಇಲ್ಲ. ಅವರ ಬೆರಳು ಫೋಟೋದ ಅಂಚಿನಲ್ಲಿ, ವೇದಿಕೆಯ ಎರಡೂ ಕಡೆ ಬಾಳೆಗೊನೆ ತೂಗುಬಿಟ್ಟ ಹಾಗಿದ್ದ ಸ್ಪೀಕರ್ ಪೆಟ್ಟಿಗೆಗಳ ಮೇಲೆ ನಿಂತಿತ್ತು. ಅಂದಿನಿಂದ ಅಂಗಡಿಯ ಗೋಡೆಗೆ ಪ್ರಪಂಚದ ನಕ್ಷೆ ಬಂತು. ಬ್ಯಾಂಡು ಒಂದೊಂದು ಊರು ಮುಟ್ಟಿದಾಗಲೂ ನಾನು ನನ್ನ ಸ್ಟಿಕರ್ ಬಿಂದಿ ಅಂಟಿಸುತ್ತಿದ್ದೆ. ಬೆಂಗಳೂರಿಗೆಂದು ಅಮ್ಮನ ದೊಡ್ಡ ಬಿಂದಿಯೊಂದನ್ನು ಕದ್ದಿಟ್ಟಿದ್ದೆ.

ಒಂದು ಮಧ್ಯಾಹ್ನ ಬಿಂದಿ ಅಂಟಿಸುತ್ತಾ ಏನೋ ಕೇಳಿದೆ. ಮೂರನೆಯ ಸಲ ಕಿರುಚಿದ ಮೇಲೆ ತಿರುಗಿದರು. ಆಗ ಹೇಳಿದರು... ಮೂವತ್ತು ವರ್ಷ ಹಾರ್ನಿನ ಬುಡದಲ್ಲಿ ಕೂತದ್ದಕ್ಕೆ ಎಡಗಿವಿ ಆಗಲೇ ಹೋಗಿತ್ತು. ಬಲಗಿವಿ ವರ್ಷದೊಳಗೆ ಹೋಗುತ್ತದೆ, ಜೋರು ಸದ್ದಿನ ಹತ್ತಿರ ಸುಳಿದರೆ ಇನ್ನೂ ಬೇಗ ಎಂದು ಮೈಸೂರಿನ ಕಿವಿ ಡಾಕ್ಟರು ಹೇಳಿದ್ದರಂತೆ.

"ಯಾರ್ಗೂ ಯೋಳ್ಬೇಡ. ಕಿವಿ ಇಲ್ದೋನ್ನ ಯಾರ್ ಕರೀತಾರೆ ಮೈಕಿಗೆ? ನಾ ಬರೀ ಕಿರ್ಚಾಟ ಕೇಳ್ಕಂಡೇ ಬದುಕ್ದೆ. ಒಂದ್ ಸಲ ಒಳ್ಳೆ ಸೌಂಡು ಅಂದ್ರೆ ಎಂಗಿರ್ತದೆ ಅಂತ ಕೇಳ್ಬುಟ್ರೆ, ಆಮೇಲೆ ಕಿವಿ ಓದ್ರೆ ಓಗ್ಲಿ."

ಡಾಕ್ಟರು ಬೇಡ ಎಂದಿದ್ದಾರಲ್ಲ ಎಂದು ನಾನು ಅತ್ತುಬಿಟ್ಟೆ. ಅವರು ಹತ್ತಿಯ ಉಂಡೆ ತೋರಿಸಿ, ಕಿವಿಗೆ ತುರುಕಿಕೊಂಡೇ ಹೋಗುತ್ತೇನೆ ಎಂದು ಸಮಾಧಾನ ಮಾಡಿದರು. ವಾರದೊಳಗೆ ಬೆಂಗಳೂರಿಗೆ ಸಾಮಾನು ತರಲು ಹೋದವರು ಎರಡು ಟಿಕೆಟ್ ತಂದರು. ಅಪ್ಪ ಗೊಣಗಿದರು. "ಸಾಬ್ರು ಜೊತೇಲವ್ರಲ್ಲ, ಓಗ್ಬರ್ಲಿ ಬುಡಿ" ಎಂದು ಅಮ್ಮ ರಾಗಿರೊಟ್ಟಿ, ಹುಚ್ಚೆಳ್ಳು ಚಟ್ನಿ ಕಟ್ಟಿಕೊಟ್ಟರು.

ಸಂಜೆಯ ಕಾರ್ಯಕ್ರಮಕ್ಕೆ ನಾವು ಬೆಳಿಗ್ಗೆ ಹತ್ತಕ್ಕೇ ಹೋಗಿ ಕೂತೆವು. ಮೈಕಿನವರು ಬೆಳಿಗ್ಗೆಯೇ ಬಂದಿರುತ್ತಾರೆ, ನಾವೂ ಆಗಲೇ ಹೋಗಬೇಕು ಎಂಬುದು ಸಾಬ್ರ ಲೆಕ್ಕ. ನಾಲ್ಕಕ್ಕೆ ಗೇಟು ತೆಗೆಯುವುದು ಎಂದು ಕಾವಲಿನವನು ನಕ್ಕ. ಮೈದಾನದ ಹಿಂಬದಿಯ ತಗಡಿನ ಬೇಲಿಯ ಹೊರಗೆ ಮಳೆಮರದ ಕೆಳಗೆ ಒಂದು ಚಪ್ಪಡಿ ಇತ್ತು. ಅದರ ಮೇಲೆ ಹತ್ತಿದರೆ ಒಳಗಿನದೆಲ್ಲ ಕಾಣುತ್ತಿತ್ತು. ಬಟ್ಟಂಬಯಲಿನ ನಡುವೆ ಒಂದು ಗುಡಿಸಲಿನಂಥ ಚಪ್ಪರ. ಅದರೊಳಗೆ ತೋಳಿಲ್ಲದ ಬನಿಯನ್ನಿನ ಬಿಳಿಯನೊಬ್ಬ ಸೌಂಡು ಹೊಂದಿಸುವ ಮಿಕ್ಸರಿನ ಮುಂದೆ ನಿಂತಿದ್ದ.

"ಅವ್ನೇ ಕಣವ್ವ ಅವ್ರ ಮೈಕ್ ಸಾಬಿ" ಎಂದರು ಮಾಮ. ಅವರ ಮುಖದಲ್ಲಿ ಅಷ್ಟು ಸಂತೋಷ ನಾನು ಹಿಂದೆ ಕಂಡಿರಲಿಲ್ಲ.

ರೊಟ್ಟಿ ಬಿಚ್ಚುವ ಹೊತ್ತಿಗೆ ಒಂದೇ ಒಂದು ಡ್ರಮ್ಮಿನ ಏಟು ಬಿತ್ತು. ಮತ್ತೊಂದು. ಅರ್ಧ ಗಂಟೆ ಬರೀ ಅದೇ. ಸಾಬ್ರು ಅಂಗೈಯನ್ನು ತಗಡಿಗೆ ಒತ್ತಿ ಕಣ್ಣು ಮುಚ್ಚಿಕೊಂಡರು. ಆಮೇಲೆ ಯಾರೋ ಒನ್ ಟೂ, ಒನ್ ಟೂ ಎಂದ. ಇದ್ದಕ್ಕಿದ್ದಂತೆ ಅಷ್ಟು ದೊಡ್ಡ ಕಂಪನಿಯ ಮೈಕೂ ನಮ್ಮೂರಿನದರ ಹಾಗೆಯೇ ಕುಯ್ಯೆಂದು ಕಿರುಚಿತು. ನಾನು ಎರಡೂ ಕಿವಿ ಮುಚ್ಚಿಕೊಂಡೆ. ಅವರ ರೆಪ್ಪೆ ಕೂಡ ಅಲುಗಲಿಲ್ಲ. ಹತ್ತಿ ಇನ್ನೂ ಜೇಬಿನಲ್ಲೇ ಇತ್ತು. ದಪ್ಪ ಸದ್ದು ಇನ್ನೂ ಕೇಳುತ್ತಿದ್ದ ಬಲಗಿವಿಗೆ ಅಂಥ ಕೀರಲು ಸದ್ದು ಆಗಲೇ ಹೋಗಿತ್ತು.

ಕಣ್ಣು ಬಿಟ್ಟು ನನ್ನ ಕೈಗಳನ್ನು ನೋಡಿದರು. "ಕಿರುಚ್ತಾ?" ಎಂದು ಕೇಳಿದರು.

ಇಲ್ಲ ಅನ್ನಬೇಕು ಅನ್ನಿಸಿತು. ನಾಲಿಗೆಯ ತುದಿಗೆ ಬಂದಿತ್ತು... ಆದರೆ ಅವರೇ ಹೇಳಿಕೊಟ್ಟಿದ್ದರಲ್ಲ.

"ಊಂ ಮಾಮ. ಕಿರುಚ್ತು."

ತಗಡಿನಿಂದ ಕೈ ತೆಗೆದರು. ಆಮೇಲೆ ಚೀಲದಿಂದ ಕೆಂಪು ಟವೆಲ್ ತೆಗೆದು ನನ್ನ ಕೈಗಿಟ್ಟರು. ಅದನ್ನು ಯಾಕೆ ತಂದಿದ್ದರೋ ಕಾಣೆ. ಒಳಗಿನವನು ಏನೋ ತಿರುಗಿಸಿದ, ಕಿರುಚಾಟ ನಿಂತಿತು. ಒನ್ ಟೂ ಅನ್ನುವ ದನಿ ನಮ್ಮ ಪಕ್ಕದಲ್ಲೇ ಕೂತು ಮಾತಾಡಿದಷ್ಟು ತಿಳಿಯಾಗಿ ಬಂತು. ನಾನು ಚಪ್ಪಡಿಯ ಮೇಲೆ ನಿಂತು ಟವೆಲ್ ಎತ್ತಿದೆ. ಚಪ್ಪರದವನು ಈ ಕಡೆ ತಿರುಗಿ ಕೈ ಎತ್ತಿದ! ನಮಗೇ ಎತ್ತಿದನೋ, ಬೇಲಿಯೊಳಗೆ ಇನ್ನಾರಿಗಾದರೂ ಎತ್ತಿದನೋ ನನಗೆ ಇವತ್ತಿಗೂ ಗೊತ್ತಿಲ್ಲ. ಸಾಬ್ರು ಮಾತ್ರ ತಲೆಯ ಟೋಪಿ ಸರಿಮಾಡಿಕೊಂಡು, ಕೈಯನ್ನು ಹಣೆಗೆ ತಂದು ಸಲಾಂ ಮಾಡಿದರು.

ಸಂಜೆ ಒಳಗೆ ಹೋದಾಗ ಬಲಗಿವಿಗೆ ಹತ್ತಿ ತುರುಕಿಕೊಂಡೇ ನಿಂತಿದ್ದರು. ಸುತ್ತ ಜನ ಹುಚ್ಚೆದ್ದು ಕುಣಿಯುತ್ತಿದ್ದರು. ಇವರು ವೇದಿಕೆಗೆ ಬೆನ್ನು ತಿರುಗಿಸಿ, ಎದೆಯ ಮೇಲೆ ಕೈಯಿಟ್ಟು, ಚಪ್ಪರದವನ ಬೆರಳುಗಳನ್ನೇ ನೋಡುತ್ತಿದ್ದರು. ನಡುವೆ ನನ್ನ ಭುಜ ತಟ್ಟಿ, ನಿನಗೆ ಇಷ್ಟವಾದ್ದು ಬಂದಾಗ ಹೇಳು ಎಂದು ಸನ್ನೆ ಮಾಡಿದರು. ಬಂತು. ಊರೂರಿನ ಮದುವೆಗಳಲ್ಲಿ ಅವರು ಎರಡೇ ನಿಮಿಷ ಹಾಕುತ್ತಿದ್ದ ಅದೇ ಹಾಡು. ಅವರ ತೋಳು ಹಿಡಿದು ಜಗ್ಗಿದೆ. ಸಾಬ್ರು ಹತ್ತಿ ತೆಗೆದರು. ಆ ಒಂದು ಹಾಡು ಪೂರ್ತಿ ಕೇಳಿದರು. ಮುಗಿದೊಡನೆ ಹತ್ತಿಯನ್ನು ಮತ್ತೆ ತುರುಕಿಕೊಂಡರು. ಉಳಿದ ಅಷ್ಟೂ ಕಿವಿಯನ್ನು ನನ್ನ ಹಾಡಿಗೇ ಖರ್ಚು ಮಾಡಿಬಿಟ್ಟರಲ್ಲ ಎಂದು ನನಗೆ ಹೊಳೆದದ್ದು ಎಷ್ಟೋ ವರ್ಷಗಳ ಮೇಲೆ. ಆಗ ನಾನು ಕುಣಿಯುತ್ತಿದ್ದೆ.

ಡಾಕ್ಟರು ಹೇಳಿದ ವರ್ಷ ತುಂಬುವ ಮೊದಲೇ ಬಲಗಿವಿಯೂ ಹೋಯಿತು. ಸಾಬ್ರು ಸೆಟ್ಟನ್ನು ಮಂಡ್ಯದವರೊಬ್ಬರಿಗೆ ಕೊಟ್ಟುಬಿಟ್ಟು, ಅಂಗಡಿಯಲ್ಲಿ ಸುಮ್ಮನೆ ಬೆಸುಗೆ ಕೆಲಸ ಮಾಡಿಕೊಂಡಿದ್ದರು. ನಾನು ಬಿ.ಎಡ್. ಓದುತ್ತಿದ್ದ ಕಾಲಕ್ಕೆ ರಜೆಗೆಂದು ಬಂದು ಬೀದಿಯ ತುದಿಯಿಂದಲೇ ದುಪಟ್ಟಾ ಎತ್ತಿ ತೋರಿಸುತ್ತಿದ್ದೆ. ಅವರು ಬೆಂಚಿನಿಂದ ಟವೆಲ್ ಎತ್ತುತ್ತಿದ್ದರು. ನಮ್ಮ ಮಾತುಕತೆ ಅಷ್ಟೇ ಆಗಿಹೋಗಿತ್ತು.

ನನ್ನ ಮದುವೆ ಮಳವಳ್ಳಿಯ ಛತ್ರದಲ್ಲಿ ಆಯಿತು. ಓಲಗದವರ ಮೈಕು ಪರೀಕ್ಷೆ ಮಾಡುವಾಗ ಹಸೆಮಣೆಯಿಂದ ತಲೆ ಎತ್ತಿ ನೋಡಿದರೆ ಛತ್ರದ ಕೊನೆಯ ಬಾಗಿಲಲ್ಲಿ ಮಾಮ. ಇಸ್ತ್ರಿ ಮಾಡಿದ ಬಿಳಿ ಅಂಗಿ. ಮೈಕಿನವನು ಅಲೋ ಎಂದ. ಒಂದಕ್ಷರವೂ ಕೇಳಿಸದಿದ್ದ ಮನುಷ್ಯ ಕೆಂಪು ಟವೆಲನ್ನು ತಲೆಗಿಂತ ಮೇಲೆ ಎತ್ತಿ ಹಿಡಿದರು. ಊಟವಾದ ಮೇಲೆ ನಾನು ಕಾಗದದ ಚೂರಿನ ಮೇಲೆ ಬರೆದು ಕೇಳಿದೆ, ಸುಳ್ಳು ಹೇಳಬಾರದು ಅಂದಿದ್ದಿರಲ್ಲ ಮಾಮ?

"ನೀ ನಗ್ತಿದ್ದೆ. ಎಲ್ಲಾ ಸರ್ಯಾಗದೆ ಅಂತ ಎತ್ತುದೆ" ಎಂದರು.

ಅದೇ ಕೊನೆ. ಅವರು ತೀರಿಕೊಂಡಾಗ ನಾನು ಹೆರಿಗೆಗೆ ಆಸ್ಪತ್ರೆಯಲ್ಲಿದ್ದೆ. ಬಾಣಂತಿಗೆ ಬೇಡವೆಂದು ಅಮ್ಮ ಹೇಳದೆ ಉಳಿಸಿಕೊಂಡಿದ್ದರು. ಆಮೇಲೆ ಹೋದಾಗ ಅಂಗಡಿಯ ಗೋಡೆಯಲ್ಲಿ ನಕ್ಷೆ ಇರಲಿಲ್ಲ. ಮೊಳೆ ಇತ್ತು. ಅಮ್ಮನ ಮೇಲೆ ನನಗೆ ಆ ಸಿಟ್ಟು ಇವತ್ತಿಗೂ ಪೂರ್ತಿ ಇಳಿದಿಲ್ಲ.

ಆ ಬ್ಯಾಂಡಿನವರು ಮುದುಕರಾದರೂ ಮತ್ತೆ ಪ್ರವಾಸ ಹೊರಟಿದ್ದಾರಂತೆ, ಇದೇ ಕೊನೆಯದಂತೆ. ಮಗಳು ಫೋನಿನಲ್ಲಿ ತೋರಿಸಿ, "ಓಗಣ್ವಾ ಅಮ್ಮ?" ಎಂದು ಕೇಳುತ್ತಲೇ ಇದ್ದಾಳೆ.

ವಾರ್ಷಿಕೋತ್ಸವದ ಬೆಳಿಗ್ಗೆ ಬೆಸುಗೆ ಮುಗಿಸಿದ ಮೈಕ್‌ಸೆಟ್ಟಿನವನು ಅಲೋ, ಚೆಕ್, ಚೆಕ್ ಎಂದ. ಅಷ್ಟರಲ್ಲಿ ನನ್ನ ಕಾಲು ನನ್ನನ್ನು ಮೈದಾನದ ಕೊನೆಯ ಗೋಡೆಯವರೆಗೆ ತಂದು ನಿಲ್ಲಿಸಿತ್ತು. ದನಿ ತಿಳಿಯಾಗಿ ಬರುತ್ತಿತ್ತು. ಸೆರಗಿನ ತುದಿ ಹಿಡಿದು ಎತ್ತಿದೆ. ಅವನು ತಲೆ ಎತ್ತಲಿಲ್ಲ. ಇನ್ನೊಂದು ಸಲ ಎತ್ತಿದೆ. ಆಗ ನೋಡಿದ, ಮೈಕಿನಲ್ಲೇ ಕೇಳಿದ.

"ಏನ್ ಮೇಡಂ, ಯಾರ್ನಾರ ಕರೀಬೇಕಿತ್ತಾ?"

ಮಕ್ಕಳೆಲ್ಲ ತಿರುಗಿ ನೋಡಿದರು. ಯಾರನ್ನೂ ಇಲ್ಲವೆಂದು ಕೈಯಾಡಿಸಿದೆ. ಸೆರಗು ಸರಿಮಾಡಿಕೊಂಡು ವೇದಿಕೆಯ ಕಡೆಗೆ ನಡೆದೆ.