ಪಕೀರಮ್ಮ ಸಾರದ ಡಂಗುರ

ಪಾಪಿನಾಯಕನಹಳ್ಳಿ ದಾಟಿ ಸಂಡೂರಿನ ಗುಡ್ಡದ ಕಡೆ ತಿರುಗಿದರೆ ನಮ್ಮೂರು. ಇಲ್ಲಿ ಡಂಗುರ ಸಾರುವುದು ಪಕೀರಮ್ಮ ಒಬ್ಬಳೇ. ಗಂಡ ತೀರಿಕೊಂಡ ಮೇಲೆ ಅವನ ಹಲಗೆಯನ್ನು ಆಕೆ ಹೆಗಲಿಗೆ ಹಾಕಿಕೊಂಡಾಗ ಹೆಂಗಸು ಹಲಗೆ ಹೊಡೆಯುವುದೇ ಎಂದು ನಕ್ಕವರಿದ್ದರು. ಅವರ ಮನೆ ಮುಂದೆ ಎರಡು ಪೆಟ್ಟು ಜಾಸ್ತಿಯೇ ಹೊಡೆದು ಹೋಗುತ್ತಿದ್ದಳು. ನಲ್ಲಿ ನೀರು ಬರುವುದಿಲ್ಲ, ರೇಷನ್ ಬಂದಿದೆ, ಏನೇ ಇರಲಿ, ಆಕೆಯ ಬಾಯಿಂದ ಬಂದರೇ ಊರು ನಂಬುವುದು.

ನಾನು ಆಗ ಪಂಚಾಯ್ತಿಯಲ್ಲಿ ಕರವಸೂಲಿಗಾರ. ಈ ಕಥೆಯಲ್ಲಿ ನನ್ನ ಪಾತ್ರ ಚೆನ್ನಾಗಿಲ್ಲ, ಮೊದಲೇ ಹೇಳಿಬಿಡುತ್ತೇನೆ.

ಊರಾಚೆ ಗಣಿ ಕಂಪನಿಯೊಂದರ ಹಳೇ ರನ್‌ವೇ ಇದೆ. ಎಂಟು ವರ್ಷದಿಂದ ಅಲ್ಲಿ ಒಂದು ವಿಮಾನವೂ ಇಳಿದಿರಲಿಲ್ಲ. ಅಷ್ಟು ಸಪಾಟಾದ ಡಾಂಬರು ಖಾಲಿ ಬಿದ್ದಿದ್ದರೆ ಯಾವ ರೈತ ಸುಮ್ಮನಿರುತ್ತಾನೆ? ಮೆಕ್ಕೆಜೋಳ ಒಣಗಿಸಲು ಊರಿಗೆ ಊರೇ ಅಲ್ಲಿಗೆ ಹೋಗುತ್ತಿತ್ತು. ಕಂಪನಿಯ ಕಾವಲುಗಾರನೂ ತನ್ನ ಎರಡು ಚೀಲ ಅಲ್ಲೇ ಹರವುತ್ತಿದ್ದ.

ಕಳೆದ ನವೆಂಬರಿನಲ್ಲಿ ಕಂಪನಿಯವರು ಫೋನ್ ಮಾಡಿ, ಗುರುವಾರ ಸಣ್ಣ ವಿಮಾನ ಬರುತ್ತದೆ, ಡಂಗುರ ಸಾರಿಸಿ ಎಂದರು. ಪಕೀರಮ್ಮನಿಗೆ ಹೇಳಬೇಕಾದವನು ನಾನು. ಆಕೆಯ ಓಣಿವರೆಗೆ ನಡೆಯಲು ಬೇಸರವಾಗಿ, ವಾಟ್ಸಾಪ್ ಗ್ರೂಪಿಗೆ ಒಂದು ಸಾಲು ಹಾಕಿ ಕೈತೊಳೆದುಕೊಂಡೆ. ಅದನ್ನು ನೋಡಿದವರು ಕಾಳು ಬಾಚಿಕೊಂಡರು. ಅಲ್ಲೇ ಕಾಳು ಹರವಿದ್ದ ಜಂಬವ್ವನ ಹತ್ತಿರ ಇದ್ದದ್ದು ವಾಟ್ಸಾಪ್ ಇಲ್ಲದ, ಗುಂಡಿ ಒತ್ತುವ ಫೋನು. ಆಕೆಯ ಮೆಕ್ಕೆಜೋಳ ಹಾಗೇ ಉಳಿಯಿತು. ಕಾವಲುಗಾರ ಇನ್ನೊಂದು ತುದಿಯಲ್ಲಿ ಕಂಪನಿಯ ಸಾಹೇಬರಿಗೆಂದು ಹಾರ ಹಿಡಿದು ನಿಂತಿದ್ದ.

ವಿಮಾನ ಇಳಿಯಿತು, ಚಕ್ರ ಕಾಳಿನ ಮೇಲೆ ಜಾರಿತು, ಅಡ್ಡ ತಿರುಗಿ ಜಾಲಿಪೊದೆಗೆ ನುಗ್ಗಿ ರೆಕ್ಕೆ ಮುರಿದುಕೊಂಡಿತು. ಪೈಲಟ್‌ನ ಕೈಯೂ ಮುರಿಯಿತು. ಸದ್ದು ಕೇಳಿ ಓಡಿಬಂದು ಅವನನ್ನು ಹೊರಗೆಳೆದವಳು ಜಂಬವ್ವನೇ. ಹಿಂದೆ ಕೂತಿದ್ದ ಸಾಹೇಬರಿಗೆ ಏನೂ ಆಗಲಿಲ್ಲ, ಸಿಟ್ಟು ಬಂತು ಅಷ್ಟೇ.

ಮರುದಿನ ಕಂಪನಿಯವರು ಜಂಬವ್ವನ ಮೇಲೆ ಕೇಸು ಎಂದರು. ಡಂಗುರ ಸಾರಿದ್ದರೂ ಬೇಕಂತಲೇ ಕಾಳು ಹರವಿದಳು ಎಂಬ ಹೇಳಿಕೆಯನ್ನು ಅಧ್ಯಕ್ಷ ಮೈಲಾರಲಿಂಗಪ್ಪ ಹೇಳಿದರು, ನಾನು ಬರೆದೆ. ಪಕೀರಮ್ಮನನ್ನು ಕರೆಸಿದೆವು. ಹೇಳಿಕೆಯ ಕೆಳಗೆ ಆಕೆ ಹೆಬ್ಬೆಟ್ಟು ಒತ್ತಿದರೆ ಪಂಚಾಯ್ತಿ ಪಾರು, ನಾನೂ ಪಾರು. ಸಿಕ್ಕಿಬೀಳುವವಳು ಜಂಬವ್ವ.

“ಹೆಬ್ಬೆಟ್ಟು ಯಾಕ್ರಿ? ನಂಗ ಓದಾಕ ಬರ್ತೈತಿ,” ಎಂದು ಪಕೀರಮ್ಮ ಕಾಗದ ಕಸಿದುಕೊಂಡಳು. ಅಕ್ಷರಕ್ಕೆ ಅಕ್ಷರ ಕೂಡಿಸಿ ಪೂರ್ತಿ ಓದಿದಳು.

“ಯಾವತ್ತು ಸಾರಿದ್ನಿ ನಾನು?”

“ಸುಮ್ನ ಒತ್ತವ್ವಾ. ಇಲ್ಲಾಂದ್ರ ನಾಳಿಂದ ಹಲಗಿ ಮನ್ಯಾಗಿಟ್ಟು ಕುಂದ್ರು,” ಎಂದರು ಅಧ್ಯಕ್ಷರು.

“ಕುಂದ್ರತೀನಿ ಬಿಡ್ರಿ. ನಾ ಸಾರಿದ್ದು ಸುಳ್ಳು ಅಂತ ಇವತ್ತಿನ ತನಕ ಯಾರೂ ಅಂದಿಲ್ಲ. ಸಾರದಿದ್ದದ್ದನ್ನ ಸಾರೀನಿ ಅಂದ್ರ, ನಾಳೆ ನನ್ನ ಮಾತು ಯಾವ ನಾಯಿ ಕೇಳ್ತೈತ್ರಿ?”

ಕಾಗದವನ್ನು ಮೇಜಿನ ಮೇಲೆ ಒಗೆದು ಹೊರಟಳು. ಅರ್ಧ ತಾಸಿನಲ್ಲಿ ಬೀದಿಯಿಂದ ಹಲಗೆ ಕೇಳಿಸಿತು. ಪಂಚಾಯ್ತಿ ಹೇಳದೆ ಆಕೆ ಡಂಗುರ ಸಾರಿದ್ದು ಅದೇ ಮೊದಲು.

“ಕೇಳ್ರಪೋ ಕೇಳ್ರಿ. ಇಮಾನ ಬರ್ತೈತಂತ ನಾ ಸಾರಿಲ್ಲ. ಸಾರು ಅಂತ ನಂಗ್ಯಾರೂ ಹೇಳಿಲ್ಲ. ಜಂಬವ್ವಂದು ತಪ್ಪಿಲ್ರಪೋ.”

ಮೂರು ಓಣಿ ಮುಗಿಸಿ ಪಂಚಾಯ್ತಿ ಮುಂದೆ ಬಂದಾಗ ಅಲ್ಲಿ ಪೊಲೀಸ್ ಜೀಪು ನಿಂತಿತ್ತು. ಹೇಳಿಕೆ ಒಯ್ಯಲು ಬಂದಿದ್ದ ಎಸ್‌ಐ ಕೆಳಗಿಳಿದರು. ಆಕೆ ಅವರ ಮುಂದೆಯೂ ಅದನ್ನೇ ಸಾರಿದಳು, ಒಂದು ಮಾತೂ ಕಡಿಮೆ ಮಾಡಲಿಲ್ಲ.

“ಹಂಗಾರ ನಿನಗ ಹೇಳಬೇಕಾದೋರು ಯಾರವ್ವಾ?” ಎಂದು ಅವರು ಕೇಳಿದರು.

ಬಾಗಿಲಲ್ಲಿ ನಿಂತಿದ್ದ ನನ್ನನ್ನು ಪಕೀರಮ್ಮ ನೆಟ್ಟಗೆ ನೋಡಿದಳು. ಈಗ ಹೆಸರು ಹೇಳುತ್ತಾಳೆ ಎಂದುಕೊಂಡೆ.

“ಅದನ್ನ ನಾ ಸಾರಂಗಿಲ್ರಿ. ಅವರಿಗೂ ಬಾಯಿ ಐತಿ.”

ಅಷ್ಟು ನಾಚಿಕೆ ನನಗೆ ಹಿಂದೆಂದೂ ಆಗಿರಲಿಲ್ಲ. ಮೆಟ್ಟಿಲಿಳಿದು ಜೀಪಿನ ಹತ್ತಿರ ಹೋಗಿ ನನ್ನ ಹೆಸರು ಹೇಳಿದೆ.